ಗಿಜಿಗುಡುವ ಬೀದಿಯ ಫ್ಲ್ಯಾಟ್: ಹೆಂಡತಿಗೆ ಬೇಕು, ಗಂಡನಿಗೆ ಬೇಡ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.)

ಆಕೆಗೆ 52, ಯಜಮಾನರಿಗೆ 57. ಒಬ್ಬಳೇ ಮಗಳು ಓದಲು ದೂರ ಹೋಗಿದ್ದಾಳೆ. ಊರಂಚಿನ ಬಡಾವಣೆಯಲ್ಲಿ ಸ್ವಂತ ಮನೆ. ಅದನ್ನು ಮಾರಿ ನಗರದ ನಡುವೆ, ಹತ್ತಾರು ಕಡೆಯಿಂದ ಬಂದವರು ಒಟ್ಟಿಗೆ ಬದುಕುವ ಬೀದಿಯಲ್ಲಿ ಫ್ಲ್ಯಾಟ್ ಕೊಳ್ಳಬೇಕು ಅನ್ನುವುದು ಆಕೆಯ ಹಟ. ಸುತರಾಂ ಆಗದು ಅನ್ನುವುದು ಯಜಮಾನರ ಹಟ. ಆಪ್ತಸಲಹೆಗೆಂದು ನನ್ನ ಬಳಿ ಬರುವ ಹೊತ್ತಿಗೆ, ಊಟಕ್ಕೆ ಕರೆಯುವುದು ಬಿಟ್ಟರೆ ಇಬ್ಬರ ನಡುವೆ ಮಾತೇ ನಿಂತಿತ್ತು. ತಿಂಗಳ ಕೊನೆಯೊಳಗೆ ಮುಂಗಡ ಕೊಡದಿದ್ದರೆ ಬೇರೆಯವರಿಗೆ ಮಾರುತ್ತೇನೆ ಎಂದು ಫ್ಲ್ಯಾಟಿನ ಮಾಲೀಕರು ಗಡುವು ಬೇರೆ ಹಾಕಿದ್ದರು.

ಮೊದಲ ಭೇಟಿಯಲ್ಲಿ ಆಕೆ ಫೋನ್ ತೆಗೆದು ಫ್ಲ್ಯಾಟಿನ ಫೋಟೊ ತೋರಿಸಿದರು. ನಾನು ಒಂದೊಂದೇ ಸರಿಸುತ್ತಾ ಹೋದೆ. ಎಲ್ಲವೂ ಬಾಲ್ಕನಿಯಿಂದ ಕೆಳಗಿನ ಬೀದಿಯನ್ನು ನೋಡಿ ತೆಗೆದವು. ಅಂಗಡಿ ದೀಪಗಳು, ಜಗಲಿಯಲ್ಲಿ ಕೂತ ಹುಡುಗರು, ಮಗುವನ್ನು ಎತ್ತಿಕೊಂಡು ಹೋಗುವ ತಾಯಿ. ಅಡುಗೆಮನೆಯ ಒಂದು ಫೋಟೊ ಇಲ್ಲ, ಮಲಗುವ ಕೋಣೆಯದೂ ಇಲ್ಲ. "ಒಳಗೆ ಹೇಗಿದೆ?" ಎಂದು ಕೇಳಿದೆ. "ಚೆನ್ನಾಗೇ ಇದೆ ಮೇಡಂ" ಎಂದು ಹೇಳಿ ಮತ್ತೆ ಬೀದಿಯ ಬಗ್ಗೆಯೇ ಮಾತು ಶುರು ಮಾಡಿದರು.

ಯಜಮಾನರು ಸುಮ್ಮನೆ ಕೇಳುತ್ತಿದ್ದರು. ಆಮೇಲೆ ಜೇಬಿನಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದರು. ಹೆಂಡತಿಗೆ ಹೇಳದೆ ಒಬ್ಬರೇ ಆ ಬೀದಿಗೆ ಹೋಗಿ ಕೂತು ಬಂದಿದ್ದರು. "ರಾತ್ರಿ 11.40 ಶಟರ್ ಎಳೆದ ಸದ್ದು. 12.15 ಬೈಕ್. 4.50 ಲಾರಿ, ಸರಕು ಇಳಿಸುವುದು." ಪುಟದ ತುಂಬಾ ಹೊತ್ತು ಮತ್ತು ಸದ್ದು. ಅಲ್ಲಿ ಕಂಡ ಒಬ್ಬ ಮನುಷ್ಯನ ಬಗ್ಗೆಯೂ ಒಂದು ಸಾಲಿಲ್ಲ.

ಇಬ್ಬರೂ ಒಂದೇ ಬೀದಿಯನ್ನು ನೋಡಿದ್ದರು. ಆಕೆ ಬರೀ ಜನರನ್ನು ಕಂಡಿದ್ದರು, ಅವರು ಬರೀ ಸದ್ದನ್ನು. ಮನೆಯ ಬಗ್ಗೆ ಮಾತ್ರ ಇಬ್ಬರೂ ಯೋಚಿಸಿರಲಿಲ್ಲ.

ಮುಂದಿನ ಭೇಟಿಗೆ ಇಬ್ಬರನ್ನೂ ಬೇರೆ ಬೇರೆ ಕರೆದೆ. ಆಕೆಯನ್ನು ಕೇಳಿದೆ: "ಆ ಫ್ಲ್ಯಾಟಿಗೆ ಹೋದ ಮೇಲೆ ಸಂಜೆ ಆರು ಗಂಟೆಗೆ ಏನು ಮಾಡುತ್ತಿರುತ್ತೀರಿ?" ಸ್ವಲ್ಪ ಹೊತ್ತು ಯೋಚಿಸಿದರು. "ಬಾಲ್ಕನಿಯಲ್ಲಿ ನಿಂತಿರ್ತೀನಿ." ಯಾರ ಜೊತೆ? ಅದಕ್ಕೆ ಉತ್ತರ ಬರಲಿಲ್ಲ, ಕಣ್ಣಲ್ಲಿ ನೀರು ಬಂತು. ಮಗಳು ಹೋದ ಮೇಲೆ ಸಂಜೆಗಳು ಕಳೆಯುವುದೇ ಇಲ್ಲ ಎಂದರು. ಈ ದುಃಖ ಎಷ್ಟೋ ಮನೆಗಳಲ್ಲಿ ಮನೆ ಬದಲಿಸುವ ಹುಮ್ಮಸ್ಸಿನ ವೇಷ ಹಾಕಿಕೊಂಡು ಬರುತ್ತದೆ. ಹಾಗಂತ ಆಸೆಯೇ ತಪ್ಪು ಎಂದು ತಳ್ಳಿಹಾಕುವುದೂ ಸರಿಯಲ್ಲ. ಜನರ ನಡುವೆ ಇರಬೇಕು ಅನ್ನುವ ಆಸೆ ಒಳ್ಳೆಯದೇ. ಆದರೆ ಬೀದಿಯಲ್ಲಿ ಜನ ಓಡಾಡುವುದು ಬೇರೆ, ನಮ್ಮ ಬಾಗಿಲು ತಟ್ಟುವವರು ಇರುವುದು ಬೇರೆ.

ಇದಕ್ಕೆ ಒಂದು ಹಳೆಯ ಅಧ್ಯಯನವನ್ನು ಆಕೆಗೆ ಹೇಳಿದೆ. ಅಮೆರಿಕದ ಎಂಐಟಿ ಎಂಬ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ವಿವಾಹಿತ ವಿದ್ಯಾರ್ಥಿಗಳ ವಸತಿಯಲ್ಲಿ ಯಾರಿಗೆ ಯಾರು ಸ್ನೇಹಿತರಾದರು ಎಂದು ಫೆಸ್ಟಿಂಗರ್, ಶಾಕ್ಟರ್ ಮತ್ತು ಬ್ಯಾಕ್ ಎಂಬ ಮೂವರು ಸಂಶೋಧಕರು ನೋಡಿದರು. ಫಲಿತಾಂಶ ಹೊರಬಂದಿದ್ದು 1950ರಲ್ಲಿ. ಒಂದೇ ಮಹಡಿಯ ಪಕ್ಕದ ಬಾಗಿಲಿನವರನ್ನು ಹತ್ತಿರದ ಗೆಳೆಯರು ಎಂದು ಹೇಳಿದ್ದು ನೂರಕ್ಕೆ 41 ಸಲ. ಅದೇ ಮಹಡಿಯ ಆ ತುದಿ ಈ ತುದಿಯವರಾದರೆ ಬರೀ 10. ಮೆಟ್ಟಿಲು ಮತ್ತು ಅಂಚೆ ಡಬ್ಬಿಯ ಹತ್ತಿರ ಇದ್ದವರಿಗೆ ಮೇಲಿನ ಮಹಡಿಯ ಸ್ನೇಹವೂ ಜಾಸ್ತಿ ಸಿಕ್ಕಿತ್ತು. "ಹಾಗಾಗಿ ಬಾಲ್ಕನಿ ಬಿಡಿ, ಮೆಟ್ಟಿಲು ನೋಡಿ" ಎಂದೆ. ಲಿಫ್ಟ್ ಬಾಗಿಲಲ್ಲಿ ಎದುರಾದವರು ನಗುತ್ತಾರಾ? ಮಕ್ಕಳು ಎಲ್ಲಿ ಆಡುತ್ತಾರೆ? ಕೂತು ಮಾತಾಡಲು ಜಾಗ ಇದೆಯಾ, ಅಥವಾ ಎಲ್ಲರೂ ಪಾರ್ಕಿಂಗಿನಿಂದ ನೇರವಾಗಿ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರಾ? ಎಷ್ಟೇ ಗಿಜಿಗುಡುವ ಬೀದಿಯಾದರೂ ಕಟ್ಟಡದ ಒಳಗೆ ಮೌನವಿದ್ದರೆ ಆಕೆ ಅಲ್ಲೂ ಒಂಟಿಯೇ.

ಯಜಮಾನರ ವಿರೋಧಕ್ಕೆ ಎರಡು ಎಳೆ. ನಿದ್ದೆ ಒಂದು. ರಕ್ತದೊತ್ತಡ ಇದೆ, ರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಇದು ನೆಪವಲ್ಲ. ಮಲಗುವ ಕೋಣೆಯೊಳಗೆ ಸತತ ಸದ್ದು 30 ಡೆಸಿಬಲ್ ಮೀರಬಾರದು, ಒಮ್ಮೆಲೇ ಬರುವ ಸದ್ದು 45 ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. "ನಿಮಗೆ ಜಾಸ್ತಿ ಸಿಟ್ಟು ಬರಿಸುವುದು ಸದ್ದಾ, ಅಥವಾ ಅದರ ಬಗ್ಗೆ ಏನೂ ಮಾಡಲಾಗದು ಅನ್ನುವುದಾ?" ಎಂದು ಕೇಳಿದೆ. ಎರಡನೆಯದು ಎಂದರು. 1972ರಲ್ಲಿ ಗ್ಲಾಸ್ ಮತ್ತು ಸಿಂಗರ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗಗಳಲ್ಲೂ ಇದೇ ಕಾಣುತ್ತದೆ. ಜನರಿಗೆ ಜೋರು ಸದ್ದು ಕೇಳಿಸಿ, ಬೇಕಾದರೆ ನಿಲ್ಲಿಸಿ ಎಂದು ಕೆಲವರ ಕೈಗೆ ಮಾತ್ರ ಒಂದು ಗುಂಡಿ ಕೊಟ್ಟರು. ಹೆಚ್ಚಿನವರು ಅದನ್ನು ಒತ್ತಲೇ ಇಲ್ಲ. ಆದರೂ ಆಮೇಲೆ ಕೊಟ್ಟ ಕಷ್ಟದ ಕೆಲಸವನ್ನು, ಗುಂಡಿ ಇಲ್ಲದವರಿಗಿಂತ ಹೆಚ್ಚು ಹೊತ್ತು ತಾಳ್ಮೆಯಿಂದ ಮಾಡಿದರು. ಯಜಮಾನರಿಗೆ ಬೇಕಾದದ್ದೂ ಅಂಥದ್ದೇ: ಬೀದಿಗೆ ಬೆನ್ನು ಮಾಡಿದ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ.

ಎರಡನೆಯ ಎಳೆ ಹೊರಬರಲು ಹೊತ್ತು ಹಿಡಿಯಿತು. "ಅಲ್ಲಿ ಎಲ್ಲಾ ತರದ ಜನ ಇರ್ತಾರೆ" ಎಂದು ಮೊದಲೇ ಒಮ್ಮೆ ಅಂದಿದ್ದರು. ಈ ಮಾತನ್ನು ನಾನು ಹಾಗೇ ಬಿಡುವುದಿಲ್ಲ. ಬಿಟ್ಟರೆ ಅದು ಮನೆಯೊಳಗೆ ಕಹಿಯಾಗಿ ಕೂರುತ್ತದೆ. ಯಾವ ಜನ, ಯಾರನ್ನಾದರೂ ಮಾತಾಡಿಸಿದ್ದೀರಾ ಎಂದು ಕೇಳಿದೆ. ಇಲ್ಲ ಎಂದರು. ಕೊನೆಗೆ ನಿಧಾನವಾಗಿ ಒಂದು ಮಾತು ಬಂತು: "ಈಗಿರೋ ಬಡಾವಣೆಯಲ್ಲಿ ಎಲ್ಲರೂ ನನ್ನ ಗುರುತಿಸ್ತಾರೆ ಮೇಡಂ. ಅಲ್ಲಿ ನಾನು ಯಾರೂ ಅಲ್ಲ." ಭಯ ಬೇರೆಯವರ ಬಗ್ಗೆ ಅಲ್ಲ, ತಮ್ಮ ಬಗ್ಗೆಯೇ ಆಗಿತ್ತು. ಇದನ್ನು ಹೆಂಡತಿಯ ಎದುರೂ ಹೇಳಿ ಎಂದು ಕೇಳಿಕೊಂಡೆ. ಹೇಳಿದರು. ಅವತ್ತು ಇಬ್ಬರೂ ಬೇರೆ ರೀತಿ ಮಾತಾಡಿದರು.

ಬೇರೆ ಬೇರೆ ಹಿನ್ನೆಲೆಯವರು ಅಕ್ಕಪಕ್ಕ ಇದ್ದ ಮಾತ್ರಕ್ಕೆ ಅಪನಂಬಿಕೆ ಕರಗುವುದಿಲ್ಲ. ಅದಕ್ಕೆ ಸಮಾನ ಸ್ಥಾನ, ಒಂದೇ ಗುರಿ, ಕೂಡಿ ಮಾಡುವ ಕೆಲಸ, ನಿಯಮಗಳ ಬೆಂಬಲ ಬೇಕು ಎಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಬರೆದಿದ್ದರು. ನೀರಿನ ಟ್ಯಾಂಕು, ಕೆಟ್ಟ ಲಿಫ್ಟು, ಕಸದ ವಿಲೇವಾರಿ ಇವೆಲ್ಲ ಎಲ್ಲರಿಗೂ ಸೇರಿದ ತಲೆನೋವು. ಹಾಗಾಗಿ ನಿವಾಸಿಗಳ ಸಂಘ ಹೇಗೆ ನಡೆಯುತ್ತದೆ ಎಂದು ನೋಡಿ ಎಂದೆ. ಸಭೆ ಕರೆಯುತ್ತಾರಾ? ಬಾಡಿಗೆದಾರರ ಮಾತಿಗೂ ಬೆಲೆ ಇದೆಯಾ? ನೋಟಿಸು ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ ಇದೆಯಾ? ಜಗಳವಾದರೆ ಯಾರು ಬಿಡಿಸುತ್ತಾರೆ?

ನಾನು ಕೊಟ್ಟ ಮುಖ್ಯ ಸಲಹೆ ಇಷ್ಟು. ಮಾಲೀಕರ ಗಡುವಿಗೆ ತಲೆಬಾಗಬೇಡಿ. ಆ ಫ್ಲ್ಯಾಟು ಹೋದರೆ ಹೋಗಲಿ. ಈಗಿನ ಮನೆಯನ್ನು ಮಾರಬೇಡಿ. ಅದೇ ಬೀದಿಯಲ್ಲಿ ಕೆಲವು ತಿಂಗಳು ಬಾಡಿಗೆಗೆ ಇದ್ದು ನೋಡಿ. ಬಾಡಿಗೆ ದಂಡ ಅಂತ ಯಜಮಾನರು ಗೊಣಗಿದರು. ನೋಂದಣಿ, ದಲ್ಲಾಳಿ, ಸಾಲದ ಖರ್ಚು ಎಲ್ಲ ಕೂಡಿಸಿ, ಕೊಂಡು ಮತ್ತೆ ಮಾರಬೇಕಾಗಿ ಬಂದರೆ ಎಷ್ಟು ಕಳೆದುಕೊಳ್ಳುತ್ತೀರಿ ಎಂದು ನೀವೇ ಲೆಕ್ಕ ಹಾಕಿ ಎಂದೆ. ಮಾರನೆಯ ವಾರ ಲೆಕ್ಕ ಹಾಕಿಕೊಂಡೇ ಬಂದರು, ಆಮೇಲೆ ಆ ಮಾತು ಎತ್ತಲಿಲ್ಲ. ಸಾಲ ಮಾಡುವುದಾದರೆ ಇಎಂಐಗಾಗಿ ನಿವೃತ್ತಿಯನ್ನು ಮುಂದೂಡುವಂತೆ ಆಗಬಾರದು ಎಂದೂ ಹೇಳಿದೆ. ಜೊತೆಗೆ ಇರಬೇಕು ಎಂದು ಕೊಂಡ ಮನೆಗೆ ಒಬ್ಬರು ರಾತ್ರಿ ಒಂಬತ್ತಕ್ಕೆ ಸುಸ್ತಾಗಿ ಬಂದರೆ ಏನು ಬಂತು?

ಆಕೆಗೆ ಇನ್ನೊಂದು ಮಾತು ಹೇಳಿದೆ. ಮಗಳು ದೂರ ಹೋದ ನೋವಿಗೆ ಮದ್ದು ಹುಡುಕಲು ಫ್ಲ್ಯಾಟಿನ ತನಕ ಕಾಯಬೇಡಿ. ವಾರಕ್ಕೊಮ್ಮೆಯಾದರೂ ಜನರ ಜೊತೆ ಕೂತು ಮಾಡುವ ಒಂದು ಕೆಲಸವನ್ನು ಈಗಿಂದಲೇ ಹಿಡಿಯಿರಿ. ಆಕೆ ಹಾಡು ಕಲಿಯುವ ಒಂದು ಗುಂಪಿಗೆ ಸೇರಿದರು. ಆ ಅಳುವಿನ ಬಗ್ಗೆ ಬೇರೆ ಭೇಟಿಗಳೂ ನಡೆಯುತ್ತಿವೆ.

ಆ ಫ್ಲ್ಯಾಟು ಬೇರೆಯವರ ಪಾಲಾಯಿತು. ಆಕೆ ಎರಡು ದಿನ ಬೇಜಾರು ಮಾಡಿಕೊಂಡರು. ಈಗ ಅದೇ ಬೀದಿಯಲ್ಲಿ, ಸ್ವಲ್ಪ ಒಳಗಿನ ಕಟ್ಟಡದಲ್ಲಿ ಬಾಡಿಗೆಗೆ ಇದ್ದಾರೆ. ಹಿಂದಿನ ಕೋಣೆ ಯಜಮಾನರದು. ಕೆಲವು ರಾತ್ರಿ ಈಗಲೂ ನಿದ್ದೆ ಕೆಡುತ್ತದಂತೆ. ಆದರೆ ಟ್ಯಾಂಕಿನ ಮೋಟಾರು ಕೆಟ್ಟಾಗ ಮೆಕ್ಯಾನಿಕ್ ಕರೆಸಿದ್ದು ಅವರೇ. ಆಮೇಲೆ ಸಂಘದವರು ನೀರಿನ ಉಸ್ತುವಾರಿಯನ್ನೂ ಅವರಿಗೇ ವಹಿಸಿದ್ದಾರೆ. ಆಕೆಗೆ ಎದುರು ಬಾಗಿಲಿನವರ ಭಾಷೆ ಇನ್ನೂ ಪೂರ್ತಿ ಅರ್ಥವಾಗುವುದಿಲ್ಲ, ಮಾತು ಮಾತ್ರ ನಿಲ್ಲುವುದಿಲ್ಲ.

ಕೊಳ್ಳುವ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಹೋದ ಭೇಟಿಯಲ್ಲಿ ಒಂದು ಕೆಲಸ ಕೊಟ್ಟು ಕಳಿಸಿದ್ದೇನೆ. ಕೊಂಡ ಎರಡು ವರ್ಷಕ್ಕೆ ಇಬ್ಬರಲ್ಲಿ ಒಬ್ಬರಿಗೆ ಅಲ್ಲಿ ಇರಲಾಗದಿದ್ದರೆ ಏನು ಮಾಡುವುದು? ಬಾಡಿಗೆಗೆ ಕೊಡುವುದಾ, ಮಾರುವುದಾ, ಹಳೆಯ ಮನೆಗೆ ಮರಳುವುದಾ? ಉತ್ತರವನ್ನು ಇಬ್ಬರೂ ಕೂತು ಒಂದೇ ಹಾಳೆಯಲ್ಲಿ ಬರೆದು ಸಹಿ ಹಾಕಿ ತರಬೇಕು. ಮುಂಗಡದ ಮಾತು ಅದಾದ ಮೇಲೆಯೇ.