ಆಪ್ತಸಲಹೆ ಪ್ರಕರಣ: ‘ಒಳಗೆ ಒಮ್ಮೆ ನೋಡೇಬಿಡಲಿ’

ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.

ಆಕೆಗೆ 33, ಆತನಿಗೆ 36. ಮಗುವಿಗಾಗಿ ಪ್ರಯತ್ನ ಶುರುವಾಗಿ ಎರಡೂವರೆ ವರ್ಷ. ಮುಟ್ಟು ತಪ್ಪದೆ 28–30 ದಿನಕ್ಕೆ ಬರುತ್ತದೆ. ಅಂಡ ಬಿಡುಗಡೆಯಾಗುತ್ತಿರುವುದು ರಕ್ತಪರೀಕ್ಷೆಯಲ್ಲಿ ಕಂಡಿದೆ. ಅಂಡಾಶಯದಲ್ಲಿ ಉಳಿದ ಅಂಡಗಳ ಸುಳಿವು ಕೊಡುವ ಹಾರ್ಮೋನು ಎಎಂಎಚ್ 2.4. ಗರ್ಭಕೋಶಕ್ಕೆ ದ್ರವ ಬಿಟ್ಟು ತೆಗೆಯುವ ಎಚ್‌ಎಸ್‌ಜಿ ಎಕ್ಸ್‌ರೇಯಲ್ಲಿ ಎರಡೂ ಗರ್ಭನಾಳ ತೆರೆದಿವೆ. ವೀರ್ಯ ಪರೀಕ್ಷೆ ಎರಡು ಸಲವೂ ಸರಿ ಬಂದಿದೆ. ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವ ಐಯುಐ ಮೂರು ಸಲ ಆಗಿ ಫಲ ಸಿಕ್ಕಿಲ್ಲ. ಫೈಲಿನ ಮೇಲೆ ‘ಕಾರಣ ತಿಳಿಯದ ಬಂಜೆತನ’ ಎಂದು ಬರೆದಿತ್ತು. ಲ್ಯಾಪರೊಸ್ಕೋಪಿ (ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಕ್ಯಾಮೆರಾದಿಂದ ಒಳಗೆ ನೋಡುವುದು) ಮಾಡಿ ನೋಡೋಣ ಎಂಬ ಮಾತು ಬಂದಾಗಿನಿಂದ ಇಬ್ಬರಿಗೂ ಹೊಂದಾಣಿಕೆ ತಪ್ಪಿತ್ತು. ‘ಒಳಗೆ ಒಮ್ಮೆ ನೋಡೇಬಿಡಲಿ, ಏನೋ ಒಂದು ಗೊತ್ತಾಗಲಿ’ ಎಂಬುದು ಆಕೆಯ ಹಟ. ‘ಏನೂ ಇಲ್ಲ ಅಂತ ಎಲ್ಲ ವರದಿಗಳೂ ಹೇಳುತ್ತಿರುವಾಗ ಕುಯ್ಯುವುದೇಕೆ, ನೇರ ಐವಿಎಫ್‌ಗೆ (ಪ್ರನಾಳ ಶಿಶು ಚಿಕಿತ್ಸೆ) ಹೋಗೋಣ’ ಎಂಬುದು ಆತನ ವಾದ.

ವೈದ್ಯಕೀಯವಾಗಿ ಆತನ ಮಾತಿಗೂ ತೂಕವಿದೆ. ನೋವಿಲ್ಲದ, ಸ್ಕ್ಯಾನ್ ಸರಿಯಿರುವ ಮಹಿಳೆಗೆ ವಾಡಿಕೆಯಂತೆ ಲ್ಯಾಪರೊಸ್ಕೋಪಿ ಮಾಡಬೇಕಿಲ್ಲ ಎಂದು ಯುರೋಪಿನ ಸಂತಾನಶಾಸ್ತ್ರ ಸಂಘ 2023ರ ಮಾರ್ಗಸೂಚಿಯಲ್ಲಿ ಹೇಳಿದೆ. ಹಾಗಾಗಿ ಮೊದಲು ಕೇಳಬೇಕಾದದ್ದು ನೋವಿನ ವಿಚಾರ. ಫಾರಂನಲ್ಲಿ ಆಕೆ ‘ಸಾಮಾನ್ಯ’ ಎಂದು ಗುರುತು ಹಾಕಿದ್ದರು. ‘ನೋವಿದೆಯಾ?’ ಎಂದು ಕೇಳಿದರೆ ಬರುವ ಉತ್ತರ ಬಹುಪಾಲು ಇದೇ. ಪ್ರಶ್ನೆ ಬದಲಿಸಬೇಕು: ಮುಟ್ಟಿನ ಎಷ್ಟು ದಿನ ರಜೆ ಹಾಕುತ್ತೀರಿ, ಮಾತ್ರೆ ಎಷ್ಟು ಬೇಕಾಗುತ್ತದೆ, ಆ ದಿನಗಳಲ್ಲಿ ಮಲವಿಸರ್ಜನೆ ಮಾಡುವಾಗ ಒಳಗೆ ಚುಚ್ಚುತ್ತದೆಯೇ, ಸಂಭೋಗದಲ್ಲಿ ಆಳದಲ್ಲಿ ನೋಯುತ್ತದೆಯೇ. ಆಕೆ ಪ್ರತಿ ತಿಂಗಳು ಎರಡು ದಿನ ಹಾಸಿಗೆ ಹಿಡಿಯುತ್ತಿದ್ದರು. ಕೊನೆಯ ಎರಡು ಪ್ರಶ್ನೆಗೂ ಹೌದು ಎಂದರು. ‘ಎಲ್ಲರಿಗೂ ಆಗುವುದೇ ತಾನೆ?’ ಎಂದೂ ಸೇರಿಸಿದರು. ಆತನಿಗೆ ಇದು ಹೊಸ ಸುದ್ದಿ.

ಮೊದಲ ಸಲಹೆ: ಈ ನಾಲ್ಕು ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು, ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡುವ ಮೊದಲು ವೈದ್ಯರ ಕೈಗೆ ಕೊಡುವುದು. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಚುಕ್ಕೆ, ಚೀಲಗಳಾಗಿ ಬೆಳೆಯುವ ತೊಂದರೆ) ಹುಡುಕುವುದರಲ್ಲಿ ಕೈ ಪಳಗಿದವರಿಂದ ಯೋನಿಮಾರ್ಗದ ಸ್ಕ್ಯಾನ್ ಮತ್ತೊಮ್ಮೆ ಮಾಡಿಸುವುದು. ಆ ಸ್ಕ್ಯಾನ್‌ನಲ್ಲಿ ಗಡ್ಡೆ ಕಾಣಲಿಲ್ಲ, ಆದರೆ ಎಡ ಅಂಡಾಶಯ ಒತ್ತಿದಾಗ ಸಲೀಸಾಗಿ ಜಾರುತ್ತಿಲ್ಲ ಎಂದು ಬಂತು. ಅಂಟಿಕೊಂಡಿರಬಹುದೆಂಬ ಸುಳಿವು ಅದು. ಅಲ್ಲಿಗೆ ಲ್ಯಾಪರೊಸ್ಕೋಪಿಗೆ ಒಂದು ಆಧಾರ ಸಿಕ್ಕಿತು, ಆತನೂ ಒಪ್ಪಿದ.

ಮುಂದಿನ ಎರಡು ಭೇಟಿಗಳೂ ಒಂದೇ ವಿಷಯಕ್ಕೆ ಹೋದವು: ಒಳಗೆ ಇಂಥದ್ದು ಸಿಕ್ಕರೆ ಏನು ಮಾಡಲು ಒಪ್ಪಿಗೆ, ಏನಕ್ಕೆ ಇಲ್ಲ. ಅರಿವಳಿಕೆಯಲ್ಲಿರುವ ಹೆಂಡತಿಯ ಪರವಾಗಿ ಥಿಯೇಟರಿನ ಬಾಗಿಲಲ್ಲಿ ನಿಂತ ಗಂಡನನ್ನು ‘ಒಂದು ನಾಳ ಹಾಳಾಗಿದೆ, ತೆಗೆಯಲಾ?’ ಎಂದು ಕೇಳುವ ಪರಿಸ್ಥಿತಿ ಬರಬಾರದು. ದೇಹ ಆಕೆಯದು, ತೀರ್ಮಾನವೂ ಆಕೆಯದು. ಐದು ನಿಮಿಷದಲ್ಲಿ ಅವಸರವಾಗಿ ಹೇಳಿದ ಉತ್ತರಕ್ಕೆ ಆತ ವರ್ಷಗಟ್ಟಲೆ ಹೊಣೆ ಹೊರಬೇಕಾಗುತ್ತದೆ. ಆಕೆ ಬರೆದು ಸಹಿ ಹಾಕಿದ್ದು ಹೀಗೆ: ಸಣ್ಣ ಚುಕ್ಕೆಗಳಿದ್ದರೆ ಅಲ್ಲೇ ಸುಡಬಹುದು ಅಥವಾ ಕತ್ತರಿಸಬಹುದು, ತೆಳು ಅಂಟುಗಳನ್ನು ಬಿಡಿಸಬಹುದು. ಒಂದು ನಾಳದಲ್ಲಿ ನೀರು ತುಂಬಿ ಊದಿಕೊಂಡಿದ್ದರೆ ಅದನ್ನು ತೆಗೆಯಬಹುದು. ಆ ನೀರು ಮುಂದೆ ಐವಿಎಫ್‌ನ ಫಲಿತಾಂಶವನ್ನೂ ಕೆಡಿಸುತ್ತದೆ. ಎರಡೂ ನಾಳ ಹಾಗಿದ್ದರೆ ಮುಟ್ಟದೆ ಎಬ್ಬಿಸಿ ಕೇಳಬೇಕು. ಅಂಡಾಶಯದಲ್ಲಿ ಚೀಲ ಸಿಕ್ಕರೆ ಅದರ ಗೋಡೆ ಸುಲಿಯುವ ಮೊದಲು ಮಾತಾಡಬೇಕು, ಸುಲಿಯುವಾಗ ಒಳ್ಳೆಯ ಅಂಡಕೋಶಗಳೂ ಹೋಗಿ ಎಎಂಎಚ್ ಇಳಿಯುತ್ತದೆ. ಎಂಡೊಮೆಟ್ರಿಯೋಸಿಸ್ ಕರುಳಿನ ಮೇಲೆ ಆಳವಾಗಿ ಕೂತಿದ್ದರೆ ಫೋಟೊ ತೆಗೆದು ನಿಲ್ಲಿಸಬೇಕು. ವೈದ್ಯರು ಈ ಹಾಳೆಯನ್ನು ಓದಿ ಒಪ್ಪಿಗೆಪತ್ರದ ಜೊತೆ ಲಗತ್ತಿಸಿದರು.

ಚುಕ್ಕೆ ತೆಗೆದರೆ ಲಾಭವಿದೆಯೇ ಎಂದು ಆತ ಕೇಳಿದ. 1997ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ ಸೌಮ್ಯ ಎಂಡೊಮೆಟ್ರಿಯೋಸಿಸ್ ಇದ್ದ 341 ಮಹಿಳೆಯರನ್ನು ನೋಡಲಾಗಿತ್ತು. ಲ್ಯಾಪರೊಸ್ಕೋಪಿ ಆದ 36 ವಾರಗಳಲ್ಲಿ ಗರ್ಭ ನಿಂತು, ಆ ಗರ್ಭ 20 ವಾರ ದಾಟಿದವರು, ಚುಕ್ಕೆ ತೆಗೆಸಿಕೊಂಡ ಗುಂಪಿನಲ್ಲಿ ನೂರಕ್ಕೆ 31, ಬರೀ ನೋಡಿಬಿಟ್ಟ ಗುಂಪಿನಲ್ಲಿ ನೂರಕ್ಕೆ 18. ಅದಕ್ಕಿಂತ ಚಿಕ್ಕದಾದ 1999ರ ಇಟಲಿಯ ಅಧ್ಯಯನದಲ್ಲಿ ಈ ಲಾಭ ಕಾಣಲಿಲ್ಲ. ಎರಡನ್ನೂ ಹೇಳಲಾಯಿತು. ಮೊದಲನೆಯದನ್ನು ಮಾತ್ರ ಹೇಳಿ ಕಳಿಸಿದರೆ ನಿರೀಕ್ಷೆ ಏಕಾಏಕಿ ಏರಿಬಿಡುತ್ತದೆ.

ತಯಾರಿಯ ವಿಚಾರಕ್ಕೆ ಬಂದರೆ, ದಿನ ಗೊತ್ತುಮಾಡುವುದು ಮುಟ್ಟು ನಿಂತ ಮೇಲೆ, ಅಂಡ ಬಿಡುಗಡೆಗೆ ಮುಂಚೆ, ಸುಮಾರು 6ರಿಂದ 11ನೇ ದಿನದೊಳಗೆ. ಆ ಚಕ್ರದಲ್ಲಿ ಶಸ್ತ್ರಚಿಕಿತ್ಸೆಯವರೆಗೆ ಕಾಂಡೋಮ್ ಬಳಸಬೇಕು. ತಿಂಗಳು ತಿಂಗಳೂ ಎಣಿಸುತ್ತಿರುವವರಿಗೆ ಇದು ವಿಚಿತ್ರವಾಗಿ ನೋಯಿಸುತ್ತದೆ, ಮೊದಲೇ ಹೇಳಿದ್ದರೆ ಸಹಿಸಲು ಸುಲಭ. ಘನ ಆಹಾರ ಆರು ಗಂಟೆ ಮುಂಚೆ, ನೀರು ಎರಡು ಗಂಟೆ ಮುಂಚೆ ನಿಲ್ಲಬೇಕು, ಆಸ್ಪತ್ರೆ ಬೇರೆ ಸಮಯ ಹೇಳಿದ್ದರೆ ಅದೇ ಅಂತಿಮ. ಹೊಕ್ಕುಳಲ್ಲಿ ಒಂದು, ಕೆಳಹೊಟ್ಟೆಯಲ್ಲಿ ಒಂದೆರಡು, 5ರಿಂದ 10 ಮಿಲಿಮೀಟರಿನ ಗಾಯಗಳು. ಕಾರ್ಬನ್ ಡೈಆಕ್ಸೈಡ್ ತುಂಬಿ ಹೊಟ್ಟೆ ಉಬ್ಬಿಸುತ್ತಾರೆ. ಗರ್ಭಕಂಠದ ಮೂಲಕ ನೀಲಿ ಬಣ್ಣ ಬಿಟ್ಟು ಅದು ನಾಳಗಳ ತುದಿಯಿಂದ ಚೆಲ್ಲುವುದನ್ನು ಕಣ್ಣಾರೆ ನೋಡುತ್ತಾರೆ. ಹಾಗಾಗಿ ಒಂದೆರಡು ದಿನ ಸ್ರಾವ ನೀಲಿಯಾಗಿ, ಮೂತ್ರ ಹಸಿರಾಗಿ ಕಂಡರೆ ಗಾಬರಿ ಬೇಡ. ಬರೀ ನೋಡಲು ಅರ್ಧ ಗಂಟೆ ಸಾಕು, ಏನಾದರೂ ತೆಗೆಯಬೇಕಾದರೆ ಒಂದು ಗಂಟೆ ದಾಟುತ್ತದೆ. ಹೊರಗೆ ಕೂತವರು ಗಡಿಯಾರ ನೋಡಿ ಅರ್ಥ ಕಟ್ಟಬಾರದು.

ಎಚ್ಚರವಾದ ಮೇಲೆ ಹೊಟ್ಟೆಗಿಂತ ಭುಜವೇ ಹೆಚ್ಚು ನೋಯಬಹುದು. ಉಳಿದ ಗಾಳಿ ಎದೆ ಮತ್ತು ಹೊಟ್ಟೆಯ ನಡುವಿನ ವಪೆಯನ್ನು ಕೆರಳಿಸುತ್ತದೆ, ಅಲ್ಲಿನ ನರ ಭುಜಕ್ಕೂ ಸಂಬಂಧಿಸಿದ್ದು. ಎರಡು ಮೂರು ದಿನದಲ್ಲಿ ಇಳಿಯುತ್ತದೆ, ಸ್ವಲ್ಪ ಸ್ವಲ್ಪ ನಡೆದಾಡಿದರೆ ಹಿತ. ಗಂಭೀರ ತೊಂದರೆ ಸಾವಿರಕ್ಕೆ ಸುಮಾರು ಇಬ್ಬರಿಗೆ ಆಗುತ್ತದೆ. ಕರುಳಿಗೆ ತಾಗಿದ ಗಾಯ ಕೆಲವೊಮ್ಮೆ ಥಿಯೇಟರಿನಲ್ಲಿ ಗೊತ್ತಾಗದೆ ಮನೆಗೆ ಬಂದ ಮೇಲೆ ತೋರುತ್ತದೆ. ಆತ ನೆನಪಿಡಬೇಕಾದ ಲೆಕ್ಕ ಒಂದೇ: ನೋವು ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಎರಡನೆಯ ದಿನ ಹೆಚ್ಚಾದರೆ, 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ, ವಾಂತಿ ನಿಲ್ಲದಿದ್ದರೆ, ಹೊಟ್ಟೆ ಉಬ್ಬುತ್ತಲೇ ಹೋದರೆ, ಮೂತ್ರ ಕಟ್ಟಿದರೆ, ಮೀನಖಂಡ ಊದಿಕೊಂಡರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ.

ಒಂದು ಸಲಹೆ ಕೈಕೊಟ್ಟಿತು. ಅರಿವಳಿಕೆಯ ಮಂಪರಿನಲ್ಲಿ ಹೇಳಿದ್ದು ನೆನಪಲ್ಲಿ ಉಳಿಯದು, ಫಲಿತಾಂಶವನ್ನು ಇಬ್ಬರೂ ಕೂತಿರುವಾಗ ಮರುದಿನ ಹೇಳಿ ಎಂದು ಕೇಳಿಕೊಳ್ಳಲು ತಿಳಿಸಲಾಗಿತ್ತು. ಆದರೂ ಚೇತರಿಕೆ ಕೊಠಡಿಯಲ್ಲೇ ಯಾರೋ ಹೇಳಿದರು. ಆಕೆಗೆ ‘ಏನೋ ಇತ್ತು, ಸುಟ್ಟರು’ ಎಂಬುದಷ್ಟೇ ನೆನಪು. ವರದಿ ಮತ್ತು ಫೋಟೊ ಕೈಗೆ ಬರುವವರೆಗಿನ ಎರಡು ದಿನ ಆಕೆ ಗರ್ಭಕೋಶವೇ ಹೋಯಿತೇನೋ ಎಂಬಷ್ಟು ದೂರ ಯೋಚಿಸಿದ್ದರು.

ಸಿಕ್ಕಿದ್ದು ಇಷ್ಟು: ಗರ್ಭಕೋಶದ ಹಿಂದಿನ ಕುಳಿಯಲ್ಲಿ ನಾಲ್ಕೈದು ಚುಕ್ಕೆ, ಎಡ ಅಂಡಾಶಯದ ಸುತ್ತ ತೆಳು ಪೊರೆ. ಮೊದಲ ಹಂತದ ಎಂಡೊಮೆಟ್ರಿಯೋಸಿಸ್. ಚುಕ್ಕೆ ತೆಗೆದು, ಪೊರೆ ಬಿಡಿಸಿದ್ದರು. ಎರಡೂ ನಾಳಗಳಿಂದ ನೀಲಿ ಚೆಲ್ಲಿತ್ತು.

ಇದಾದ ಮೇಲೆ ಬಂದ ಭೇಟಿಯೇ ಕಷ್ಟದ್ದು. ಆಕೆಗೆ ಹೆಸರೊಂದು ಸಿಕ್ಕ ನೆಮ್ಮದಿ, ಅದರ ಬೆನ್ನಿಗೇ ‘ನೋವು ಮೊದಲೇ ಹೇಳಿದ್ದರೆ’ ಎಂಬ ತಪ್ಪಿತಸ್ಥ ಭಾವ. ಆತ ಮಾತ್ರ ಲೆಕ್ಕ ಮುಗಿಸಿಬಿಟ್ಟಿದ್ದ: ಕಾರಣ ಸಿಕ್ಕಿತು, ತೆಗೆದಾಯಿತು, ಮುಂದಿನ ತಿಂಗಳು ಆಗಲೇಬೇಕು. ಚುಕ್ಕೆ ಸಿಕ್ಕಿದ್ದು ನಿಜ, ಅದೇ ಕಾರಣವೆಂಬುದು ಸಾಬೀತಾಗಿಲ್ಲ. ಇಂಥದೇ ಚುಕ್ಕೆಗಳಿದ್ದೂ ಸಹಜವಾಗಿ ಗರ್ಭ ಧರಿಸಿದವರು ಬಹಳ. ಮುಂದಿನ ತಿಂಗಳು ಮುಟ್ಟಾದರೆ ಆ ‘ಆಗಲೇಬೇಕು’ ಎಂಬುದು ಆಕೆಯ ಮೇಲೆ ಬೀಳುತ್ತದೆ ಎಂದು ಆತನಿಗೆ ಬಿಡಿಸಿ ಹೇಳಬೇಕಾಯಿತು.

ವೈದ್ಯರಿಂದ ಇಎಫ್‌ಐ ಅಂಕ ಕೇಳಿ ಬನ್ನಿ ಎಂದು ಕಳಿಸಲಾಯಿತು. ವಯಸ್ಸು, ಪ್ರಯತ್ನದ ವರ್ಷ, ಹಿಂದಿನ ಗರ್ಭ, ಶಸ್ತ್ರಚಿಕಿತ್ಸೆಯ ಕೊನೆಯಲ್ಲಿ ನಾಳ ಮತ್ತು ಅಂಡಾಶಯ ಹೇಗಿದ್ದವು ಎಂಬುದನ್ನೆಲ್ಲ ಸೇರಿಸಿ, ಐವಿಎಫ್ ಇಲ್ಲದೆ ಗರ್ಭ ನಿಲ್ಲುವ ಸಾಧ್ಯತೆಗೆ ಹತ್ತಕ್ಕೆ ಕೊಡುವ ಅಂಕ ಅದು. 9 ಬಂತು. ಪ್ರಯತ್ನ ಮೂರು ವರ್ಷ ದಾಟಿದ್ದರೆ ಅದೇ ಒಳಾಂಗಗಳಿಗೆ 7. ಕಾಯುವುದಕ್ಕೆ ಬೆಲೆಯಿದೆ ಎಂಬುದು ಇಲ್ಲಿ ಅಂಕಿಯಲ್ಲೇ ಕಾಣುತ್ತದೆ. ಆರು ಚಕ್ರ ಸಹಜ ಪ್ರಯತ್ನ, ಆಮೇಲೆ ಐವಿಎಫ್ ಎಂದು ವೈದ್ಯರ ಜೊತೆ ಗೊತ್ತಾಯಿತು. ‘ಒಣಗಲಿ ಅಂತ ಮೂರು ತಿಂಗಳು ಹಾರ್ಮೋನು ತಗೋ’ ಎಂದು ಪರಿಚಯದವರು ಹೇಳಿದ್ದರು. ಕೂಡಲೇ ಗರ್ಭ ಬೇಕಿರುವವರಿಗೆ ಅದು ಬೇಡ, ಆ ಮದ್ದು ಅಂಡ ಬಿಡುಗಡೆಯನ್ನೇ ತಡೆಯುತ್ತದೆ. ರಕ್ತಸ್ರಾವ ನಿಂತು ನೋವು ಇಳಿದ ಮೇಲೆ ಕೂಡಬಹುದು.

ನಾಲ್ಕನೆಯ ಚಕ್ರದಲ್ಲಿ ಮತ್ತೊಮ್ಮೆ ಬಂದಿದ್ದರು. ಗರ್ಭ ನಿಂತಿರಲಿಲ್ಲ, ಮುಟ್ಟಿನ ರಜೆ ಎರಡು ದಿನದಿಂದ ಅರ್ಧ ದಿನಕ್ಕೆ ಇಳಿದಿತ್ತು. ಐವಿಎಫ್ ವೈದ್ಯರ ಮೊದಲ ಭೇಟಿಗೆ ಆತನೇ ದಿನಾಂಕ ತೆಗೆದುಕೊಂಡಿದ್ದ, ಆರನೆಯ ಚಕ್ರದ ಮರುವಾರಕ್ಕೆ.