ಅಂಕ ಕಡಿಮೆಯಾದರೆ ವೈದ್ಯಕೀಯ ಓದುವ ಆಸೆ ಬಿಡಬೇಕೇ?

ಪ್ರಶ್ನೆ: ನಾನು ವಿಜ್ಞಾನ ವಿದ್ಯಾರ್ಥಿನಿ. ವೈದ್ಯೆಯಾಗಬೇಕೆಂಬುದು ಬಹುದಿನದ ಆಸೆ. ಜೀವಶಾಸ್ತ್ರದಲ್ಲಿ ಪರವಾಗಿಲ್ಲ ಎನ್ನುವಷ್ಟು ಅಂಕ ಬರುತ್ತದೆಯಾದರೂ ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರದಲ್ಲಿ ಪ್ರತಿ ಸಲವೂ ಹಿಂದುಳಿಯುತ್ತೇನೆ. ಎಷ್ಟು ಸಲ ಓದಿದರೂ ಪರೀಕ್ಷೆಯ ಹೊತ್ತಿಗೆ ಮರೆತುಹೋಗುತ್ತದೆ. ನನಗಿಂತ ಚುರುಕಾದವರೇ ಹಿಂಜರಿಯುವ ಓದಿಗೆ ನಾನು ಕೈಹಾಕಬಹುದೇ?

ಉತ್ತರ: ‘ಎಷ್ಟು ಸಲ ಓದಿದರೂ’ ಎಂಬ ನಿಮ್ಮ ಮಾತಿನಲ್ಲಿಯೇ ತೊಂದರೆಯ ಒಂದು ಎಳೆ ಸಿಗುತ್ತದೆ. ಓದಿದ್ದನ್ನೇ ಮತ್ತೆ ಮತ್ತೆ ಓದಿದಾಗ ಪುಟ ಪರಿಚಿತವಾಗಿ, ವಿಷಯ ಮನದಟ್ಟಾಯಿತೆಂಬ ಭ್ರಮೆ ಹುಟ್ಟುತ್ತದೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಪದೇ ಪದೇ ಓದಿದವರು ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ವಾರದ ನಂತರ ನೋಡಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರಲ್ಲಿಯೇ ಹೆಚ್ಚು ಉಳಿದಿತ್ತು. ಆದ್ದರಿಂದ ಮರೆವನ್ನು ಬುದ್ಧಿಯ ಕೊರತೆಯೆಂದು ತೀರ್ಮಾನಿಸುವ ಮೊದಲು ಓದುವ ಕ್ರಮವನ್ನು ಬದಲಿಸಿ ನೋಡಬೇಕು.

ನರಕೋಶಗಳ ಅಧ್ಯಯನಕ್ಕಾಗಿ 1906ರಲ್ಲಿ ನೊಬೆಲ್ ಪಡೆದ ಸ್ಪೇನಿನ ರಾಮೋನ್ ಇ ಕಹಾಲ್ ಬಾಲ್ಯದಲ್ಲಿ ಬಾಯಿಪಾಠಕ್ಕೆ ಒಗ್ಗದ ಹುಡುಗ. ಬೇಸತ್ತ ತಂದೆ ಅವರನ್ನು ಕ್ಷೌರಿಕನ ಬಳಿಯೂ ಚಮ್ಮಾರನ ಬಳಿಯೂ ಕೆಲಸ ಕಲಿಯಲು ಬಿಟ್ಟಿದ್ದರು. ಮುಂದೆ ಅದೇ ತಂದೆ ನಿಜವಾದ ಮೂಳೆಗಳನ್ನು ಮುಂದಿಟ್ಟು ಅಂಗರಚನೆಯನ್ನು ಕಲಿಸಿದಾಗ, ಚಿತ್ರ ಬರೆಯುವ ಹುಚ್ಚಿದ್ದ ಆ ಹುಡುಗನಿಗೆ ಪಾಠ ಹತ್ತಿತು. ಇಂಥ ಪ್ರತಿಭೆ ಎಲ್ಲರಲ್ಲೂ ಅಡಗಿದೆಯೆಂದು ನಾನು ಹೇಳಲಾರೆ. ಕಲಿಯುವ ದಾರಿ ಬದಲಾದರೆ ಫಲಿತಾಂಶವೂ ಬದಲಾಗಬಹುದೆಂಬುದಷ್ಟೇ ನನ್ನ ಮಾತು.

ವಯಸ್ಕರ ದೇಹದ 206 ಮೂಳೆಗಳಾಗಲಿ, 12 ಜೊತೆ ಕಪಾಲ ನರಗಳಾಗಲಿ ಒಂದೊಂದಾಗಿ ನೋಡಿದರೆ ಬಿಡಿಸಲಾಗದ ಒಗಟುಗಳಲ್ಲ. ಇಂಥವು ಬಿಡುವಿಲ್ಲದೆ ಒಂದರ ಮೇಲೊಂದು ಬರುವುದರಿಂದಲೇ ವೈದ್ಯಕೀಯ ಓದು ಬಹಳ ಮಂದಿಯನ್ನು ಬಳಲಿಸುತ್ತದೆ. ಹಾಗೆಂದು ನಿಮ್ಮ ಉಳಿದೆರಡು ವಿಷಯಗಳನ್ನು ಪ್ರವೇಶಕ್ಕಷ್ಟೇ ಬೇಕಾದವೆಂದು ಬದಿಗಿಡಬೇಡಿ. ಮೂತ್ರಪಿಂಡಗಳು ರಕ್ತದ ಆಮ್ಲೀಯತೆಯನ್ನು ಹೇಗೆ ಹತೋಟಿಯಲ್ಲಿಡುತ್ತವೆ ಎಂಬುದಕ್ಕೆ ರಸಾಯನಶಾಸ್ತ್ರ ಬೇಕು. ರಕ್ತನಾಳ ಸ್ವಲ್ಪ ಕಿರಿದಾದರೂ ಹರಿವು ಏಕೆ ಅಷ್ಟೊಂದು ಕುಗ್ಗುತ್ತದೆ ಎಂಬುದಕ್ಕೆ ಭೌತಶಾಸ್ತ್ರ ಬೇಕು.

ಒಂದು ಪರೀಕ್ಷೆಯನ್ನು ನೀವೇ ಮಾಡಿಕೊಳ್ಳಿ. ರಸಾಯನಶಾಸ್ತ್ರದಲ್ಲಿ ಅತಿ ಕಷ್ಟವೆನಿಸಿದ ಅಧ್ಯಾಯವನ್ನೇ ಆರಿಸಿ, ಒಮ್ಮೆ ಓದಿ, ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆಯಿರಿ. ತಪ್ಪುಗಳನ್ನು ತಿದ್ದಿಕೊಂಡು ಮರುದಿನ, ಮೂರು ದಿನಗಳ ನಂತರ, ವಾರದ ನಂತರ ಹಾಗೆಯೇ ಬರೆಯಿರಿ. ಲೆಕ್ಕಗಳಲ್ಲಿ ಎಡವಿದ್ದು ಸೂತ್ರದಲ್ಲೋ, ಗಣಿತದಲ್ಲೋ, ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳುವುದರಲ್ಲೋ ಎಂದು ಪಕ್ಕದಲ್ಲಿ ಗುರುತು ಹಾಕಿ. ಎರಡು ತಿಂಗಳು ಇದನ್ನು ನಡೆಸಿ ಅಂಕ ಏರತೊಡಗಿದರೆ ಧೈರ್ಯವಾಗಿ ಮುಂದುವರಿಯಿರಿ. ಏರದಿದ್ದರೆ ಆ ಗುರುತು ಹಾಕಿದ ಹಾಳೆಗಳನ್ನು ನಿಮ್ಮ ಅಧ್ಯಾಪಕರ ಮುಂದಿಡಿ. ‘ನನಗೆ ಆಗುತ್ತದೆಯೇ’ ಎಂದು ಕೇಳಿದರೆ ಅವರು ಸಮಾಧಾನ ಹೇಳಿ ಕಳುಹಿಸಿಯಾರು, ಹಾಳೆ ನೋಡಿದರೆ ತಪ್ಪು ಎಲ್ಲಿದೆಯೆಂದು ತೋರಿಸುತ್ತಾರೆ.