ಆಲ್ಟೋ ಸ್ಯಾಕ್ಸೋಫೋನ್‌ಗೆ ಬೇರೆ ಕಂಪನಿಯ ನೆಕ್ ಕೂರುತ್ತದಾ?

ಸಿಂಧನೂರಿನಿಂದ ನೀವು ಕೇಳಿದ್ದು ಇಷ್ಟು: ಮದುವೆ ಬ್ಯಾಂಡ್‌ನಲ್ಲಿ ನುಡಿಸುವ ಆಲ್ಟೋದ ನೆಕ್ (ಮೌತ್‌ಪೀಸ್‌ಗೂ ವಾದ್ಯಕ್ಕೂ ನಡುವಿನ ಬಾಗಿದ ಕೊಳವೆ) ಬಗ್ಗಿದೆ, ಆನ್‌ಲೈನ್‌ನಲ್ಲಿ ಬೇರೆ ನೆಕ್ ತರಿಸಿ ಸ್ಕ್ರೂ ಬಿಗಿದರೆ ಸಾಕಾ? ಸಾಲುವುದಿಲ್ಲ. ನಾನು ಬಳ್ಳಾರಿಯವನು, ಬ್ಯಾಂಡ್ ಸೆಟ್‌ನಲ್ಲೇ ಆಲ್ಟೋ ನುಡಿಸುತ್ತೇನೆ, ನಮ್ಮ ಹುಡುಗರ ನೆಕ್ ಪಂಚಾಯಿತಿ ಎಲ್ಲಾ ನನ್ನ ಹತ್ತಿರವೇ ಬರುತ್ತದೆ.

ಮೊದಲು ಹಳೆಯದನ್ನೇ ಸರಿಯಾಗಿ ನೋಡಿ. ಹಿತ್ತಾಳೆ ಸೀಳಿಲ್ಲ, ಬೆಸುಗೆ ಬಿಟ್ಟಿಲ್ಲ, ಸುಮ್ನೆ ಕೆಳಕ್ಕೆ ಬಾಗಿದೆ ಅಷ್ಟೇ ಅಂದರೆ ವಾದ್ಯ ರಿಪೇರಿ ಗೊತ್ತಿರುವವರು ಅದನ್ನು ಎತ್ತಿ ಕೊಡುತ್ತಾರೆ. ನಿಮಗೆ ಹೈದರಾಬಾದ್ ಅಥವಾ ಬೆಂಗಳೂರಿನ ಓಡಾಟ ಬೀಳಬಹುದು. ಆದರೂ ವಾದ್ಯದ ಜೊತೆಗೇ ಬಂದ ನೆಕ್ ಅಲ್ವಾ, ನನ್ನ ಓಟು ಅದಕ್ಕೇ.

ಹೊಸದೇ ಬೇಕು ಅಂದರೆ ಅಳತೆ ತಗೊಳ್ಳಿ. ನೆಕ್ಕಿನ ಕೆಳತುದಿಯಲ್ಲಿ ವಾದ್ಯದೊಳಗೆ ಇಳಿಯುವ ಭಾಗಕ್ಕೆ ಟೆನನ್ ಅನ್ನುತ್ತಾರೆ. ಆಲ್ಟೋದಲ್ಲಿ ಅದರ ಹೊರ ವ್ಯಾಸ ಸುಮಾರು 24-25 ಮಿ.ಮೀ. ಇರುತ್ತದೆ, ಆದರೆ ಈ "ಸುಮಾರು" ನಂಬಿ ದುಡ್ಡು ಹಾಕಬೇಡಿ, ಯಾಕೆಂದರೆ ಕಂಪನಿಯಿಂದ ಕಂಪನಿಗೆ ಪಾಯಿಂಟ್ ಲೆಕ್ಕದಲ್ಲಿ ಬದಲಾಗುತ್ತದೆ, 0.1 ಮಿ.ಮೀ. ಕಮ್ಮಿಯಾದರೂ ಅಲುಗಾಡುತ್ತದೆ. ಹತ್ತಿರದ ಲೇಥ್ ಅಂಗಡಿಯಲ್ಲಿ ವರ್ನಿಯರ್ (ಸೂಕ್ಷ್ಮವಾಗಿ ಅಳೆಯುವ ಉಪಕರಣ) ಇರುತ್ತದೆ, ಮೇಲೆ, ಕೆಳಗೆ, ಅಡ್ಡ, ಉದ್ದ ನಾಲ್ಕೂ ಕಡೆ ಅಳೆಸಿ. ಅಳೆಸುವುದಕ್ಕೆ ಮಾತ್ರ! "ಲೇಥ್‌ನಲ್ಲಿ ಸ್ವಲ್ಪ ಕೆರೆದು ಕೊಡ್ತೀನಿ" ಅಂದರೆ ನೆಕ್ ಎತ್ತಿಕೊಂಡು ಬನ್ನಿ. ಹಿತ್ತಾಳೆ ತೆಳ್ಳಗಿರುತ್ತದೆ, ಕೆರೆದದ್ದು ವಾಪಸ್ ಬರುವುದಿಲ್ಲ. ಟೆನನ್ ಸಣ್ಣದಾದರೆ ಒಳಗಿನಿಂದ ಹಿಗ್ಗಿಸುವ ಬೇರೆಯೇ ಟೂಲ್ ಇದೆ, ಅದು ರಿಪೇರಿಯವರ ಕೆಲಸ.

ಕೂತಿದೆಯೋ ಇಲ್ಲವೋ ನೋಡುವುದು ಹೀಗೆ. ಸ್ಕ್ರೂ ಪೂರ್ತಿ ಸಡಿಲ ಮಾಡಿ, ಟೆನನ್ ಮತ್ತು ಅದು ಇಳಿಯುವ ವಾದ್ಯದ ಬಾಯಿ ಎರಡನ್ನೂ ಒರೆಸಿ, ನೆಕ್ಕನ್ನು ತಿರುಗಿಸುತ್ತಾ ಇಳಿಸಿ. ಸ್ವಲ್ಪ ಬಿಗಿಯಾಗಿ, ಆದರೆ ನುಣ್ಣಗೆ ಇಳಿಯಬೇಕು, ಕೊನೆಯವರೆಗೂ ಕೂರಬೇಕು, ಸ್ಕ್ರೂ ಇಲ್ಲದೆಯೂ ಲೊಡಲೊಡ ಅನ್ನಬಾರದು. ಆಮೇಲೆ ಸ್ಕ್ರೂ ಮೆಲ್ಲಗೆ ತಿರುಗಿಸಿದರೆ ಸಾಕು. ಜೋರಾಗಿ ಬಿಗಿದು ಕೂರಿಸಿದರೆ ಆ ಬಾಯಿಯಲ್ಲಿರುವ ಸೀಳಿನ ಎರಡೂ ಅಂಚು ಹತ್ತಿರ ಬರುತ್ತವೆ, ಆದರೆ ಸುತ್ತ ಎಲ್ಲೋ ಗಾಳಿ ಸೋರುತ್ತಲೇ ಇರುತ್ತದೆ, ಕೆಳಗಿನ ಸ್ವರಗಳು ಬರುವುದೇ ಇಲ್ಲ. ಅನುಮಾನ ಇದ್ದರೆ ಟೆನನ್‌ಗೆ ನಲ್ಲಿ ರಿಪೇರಿಯ ಟೆಫ್ಲಾನ್ ಟೇಪ್ ಒಂದೇ ಸುತ್ತು ಸುತ್ತಿ ನುಡಿಸಿ. ಕೆಳಗಿನ ಸ್ವರ ಸಲೀಸಾಗಿ ಬಂದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಇದು ಪರೀಕ್ಷೆಗೆ ಮಾತ್ರ, ಟೇಪ್ ಹಾಕಿಕೊಂಡೇ ಮದುವೆಗೆ ಹೋಗಬೇಡಿ.

ಇನ್ನು ಆಕ್ಟೇವ್ ಕೀ, ಅಂದರೆ ಸ್ವರವನ್ನು ಮೇಲಿನ ಸ್ಥಾಯಿಗೆ ಏರಿಸುವ ಕೀ. ಜಾಸ್ತಿ ಜನ ಎಡವುವುದು ಇಲ್ಲೇ. ನೆಕ್ಕಿನ ಮೇಲಿರುವ ಈ ಕೀಯ, ಟೆನನ್ ಸುತ್ತ ಬರುವ ಉಂಗುರಕ್ಕೂ ವಾದ್ಯದಿಂದ ಮೇಲೆ ಬರುವ ಪಿನ್‌ಗೂ ನಡುವೆ ಸ್ವಲ್ಪ ಸಂದು ಇರಬೇಕು. ಎಡಗೈಯ ಮೂರು ಬೆರಳಿಟ್ಟು ಜಿ ಸ್ವರ ಹಿಡಿದು ಹೆಬ್ಬೆರಳಿನಿಂದ ಆಕ್ಟೇವ್ ಒತ್ತಿ: ನೆಕ್ಕಿನ ಸಣ್ಣ ತೂತನ್ನು ಮುಚ್ಚುವ ಪ್ಯಾಡ್ ಮುಚ್ಚಿಯೇ ಇರಬೇಕು. ಮೂರನೇ ಬೆರಳು ಎತ್ತಿ ಎ ಸ್ವರಕ್ಕೆ ಹೋದರೆ ತೆರೆಯಬೇಕು. ಜಿಯಲ್ಲೇ ತೆರೆದರೆ ಉಂಗುರ ಪಿನ್‌ಗೆ ತಾಗುತ್ತಿದೆ ಅಂತ. ಆಗ ನೆಕ್ ಬಿಚ್ಚಿ, ಪ್ಯಾಡನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಉಂಗುರವನ್ನು ಟೆನನ್‌ನಿಂದ ಆಚೆಗೆ ಕೂದಲೆಳೆಯಷ್ಟು ಬಗ್ಗಿಸಿ, ಮತ್ತೆ ಹಾಕಿ ನೋಡಿ. ವಾದ್ಯದ ಮೇಲೆ ಇಟ್ಟುಕೊಂಡೇ ಬಗ್ಗಿಸಿದರೆ ಪಿನ್ ಸೊಟ್ಟಗಾಗುತ್ತದೆ.

ಎಲ್ಲಾ ಕೂತರೂ ಶ್ರುತಿ ಕೈಕೊಡಬಹುದು. ನೆಕ್ ಅಂದರೆ ಬರೀ ಬಾಗಿದ ಪೈಪ್ ಅಲ್ಲ, ಒಳಗಿನ ಕೊಳವೆ ತುದಿಯಿಂದ ಅಗಲ ಆಗುತ್ತಾ ಹೋಗುತ್ತದೆ, ಅದು ನಿಮ್ಮ ವಾದ್ಯಕ್ಕೆ ಹೊಂದದಿದ್ದರೆ ಕೆಳಗಿನ ಜಿ ಸರಿ ಇದ್ದು ಮೇಲಿನದು ಏರಿ ಕೂರುತ್ತದೆ. ಮೊಬೈಲ್ ಟ್ಯೂನರ್ ಇಟ್ಟು ಡಿ, ಜಿ, ಎ ಮೂರನ್ನೂ ಎರಡೂ ಸ್ಥಾಯಿಯಲ್ಲಿ ನೋಡಿ. ಶ್ರುತಿಯ ತಪ್ಪು ಮೆರವಣಿಗೆಯಲ್ಲಿ ಡ್ರಮ್ ಸದ್ದಿಗೆ ಮುಚ್ಚಿ ಹೋಗಬಹುದು, ಕದ್ರಿ ಗೋಪಾಲನಾಥರ ಹಾಗೆ ತಂಬೂರಿ ಶ್ರುತಿಯಲ್ಲಿ ಕೃತಿ ನುಡಿಸಲು ಕೂತರೆ ಮುಚ್ಚುವುದಿಲ್ಲ.

ಹೊಸ ನೆಕ್ಕಿನ ಕಾರ್ಕ್ ಮೌತ್‌ಪೀಸ್‌ಗೆ ದಪ್ಪ ಅನಿಸಿದರೆ ನುಣ್ಣನೆಯ ಸ್ಯಾಂಡ್ ಪೇಪರ್‌ನಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ ಕಾರ್ಕ್ ಗ್ರೀಸ್ ಹಚ್ಚಿ. ಆದರೆ ಟೆನನ್, ಆಕ್ಟೇವ್, ಶ್ರುತಿ ಮೂರೂ ಪಾಸಾಗುವವರೆಗೆ ಕಾರ್ಕ್ ಮುಟ್ಟಬೇಡಿ. ಉಜ್ಜಿದ ನೆಕ್ಕನ್ನು ಅಂಗಡಿಯವರು ವಾಪಸ್ ತಗೊಳ್ಳುವುದಿಲ್ಲ.